ಆ ಒಂದು ಗಂಟೆ ಎಲ್ಲಿಂದ ಬಂತು?

ಎಲ್‌ಕೆಜಿ ಮಗುವನ್ನು ಕಂಪ್ಯೂಟರಿನ ಮುಂದೆ ಎಷ್ಟು ಹೊತ್ತು ಕೂರಿಸಬಹುದು? 2020ರ ಜೂನ್ ತಿಂಗಳಲ್ಲಿ ಈ ಪ್ರಶ್ನೆ ಮನೆಯ ಹೊಸಿಲು ದಾಟಿ ವಿಧಾನಸೌಧಕ್ಕೂ ಅಲ್ಲಿಂದ ಹೈಕೋರ್ಟಿಗೂ ಹೋಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಖಾಸಗಿ ಶಾಲೆಗಳು ತೀರಾ ಚಿಕ್ಕ ಮಕ್ಕಳಿಗೂ ಆನ್‌ಲೈನ್ ಕ್ಲಾಸು ಶುರುಮಾಡಿದ್ದವು. ಯೂನಿಫಾರ್ಮ್ ಹಾಕಿಕೊಂಡ ಮಗು ಲ್ಯಾಪ್‌ಟಾಪಿನ ಚೌಕಗಳಲ್ಲಿ ಗೆಳೆಯರ ಮುಖ ಹುಡುಕುವುದು, ಮಿಸ್ ಕೇಳಿದ್ದಕ್ಕೆ ಪಕ್ಕದಲ್ಲಿ ಕೂತ ಅಮ್ಮ ಪಿಸುಗುಟ್ಟುವುದು, ಆ ಪಿಸುಮಾತನ್ನೇ ಮಗು ಗಟ್ಟಿಯಾಗಿ ಒಪ್ಪಿಸುವುದು ಆಗ ಮನೆಮನೆಯ ಕತೆ. ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ನಿಮ್ಹಾನ್ಸ್ ತಜ್ಞರ ಅಭಿಪ್ರಾಯ ಕೇಳಿ, ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದು ಘೋಷಿಸಿದರು. ಜೂನ್ 15ಕ್ಕೆ ಆದೇಶ ಹೊರಟಿತು. 27ಕ್ಕೆ ಅದನ್ನು ತುಸು ಸಡಿಲಿಸಿದ ಇನ್ನೊಂದು ಆದೇಶ ಬಂತು. ಜುಲೈ 8ರಂದು ಹೈಕೋರ್ಟು ಎರಡಕ್ಕೂ ತಡೆ ಕೊಟ್ಟಿತು. ಒಂದು ವಾರದಲ್ಲೇ ಕೇಂದ್ರ ಸರ್ಕಾರದ ‘ಪ್ರಜ್ಞಾತಾ’ ಮಾರ್ಗಸೂಚಿ ಹೊರಬಿತ್ತು. ಶಾಲಾಪೂರ್ವ ಮಕ್ಕಳ ವಿಷಯದಲ್ಲಿ ದಿನಕ್ಕೆ 30 ನಿಮಿಷ, ಅದೂ ಮುಖ್ಯವಾಗಿ ತಂದೆತಾಯಿಯರ ಜತೆ ಮಾತಾಡಲು. ಒಂದರಿಂದ ಎಂಟನೇ ತರಗತಿಗೆ 30ರಿಂದ 45 ನಿಮಿಷದ ಎರಡು ಅವಧಿ.

ಸೊನ್ನೆ, ಮೂವತ್ತು, ನಲವತ್ತೈದು. ಸಂತೆಯಲ್ಲಿ ಚೌಕಾಸಿ ನಡೆದ ಹಾಗೆ ಅಂಕಿಗಳು ಓಡಾಡಿದವು. ಯಾವ ಅಂಕಿ ಯಾವ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಎಂದು ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಈ ಅಧ್ಯಾಯದಲ್ಲಿ ಅದನ್ನು ಕೇಳೋಣ. ಮಕ್ಕಳ ಡಾಕ್ಟರ ಕೊಠಡಿಯಲ್ಲಿ, ಶಾಲೆಯ ಸುತ್ತೋಲೆಯಲ್ಲಿ, ವಾಟ್ಸ್ಆಪ್ ಗುಂಪಿನಲ್ಲಿ ನಾವೆಲ್ಲ ಕೇಳುವ ‘ದಿನಕ್ಕೆ ಒಂದು ಗಂಟೆ’ ಎಂಬ ಗಡಿಗೆ ಒಂದು ಚರಿತ್ರೆ ಇದೆ. ಅದು ನಾವಂದುಕೊಂಡಷ್ಟು ಭದ್ರವಾದ ಚರಿತ್ರೆಯೇನೂ ಅಲ್ಲ.

ಮೊದಲ ಗೆರೆ ಎಳೆದವರು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯವರು, 1999ರಲ್ಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಟೀವಿ ಬೇಡ ಎಂದರು. ಆಗ ಮನೆಯಲ್ಲಿದ್ದ ಪರದೆಯೆಂದರೆ ಟೀವಿಯೇ. ಐಪ್ಯಾಡ್ ಬರಲು ಇನ್ನೂ ಹನ್ನೊಂದು ವರ್ಷವಿತ್ತು. ಎರಡು ವರ್ಷದ ಮಕ್ಕಳ ಮೇಲೆ ಟೀವಿಯ ಪರಿಣಾಮ ಕುರಿತ ಅಧ್ಯಯನಗಳು ಆಗ ಬೆರಳೆಣಿಕೆಯಷ್ಟಿದ್ದವು. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲದಲ್ಲಿ ಮಗುವಿಗೆ ಬೇಕಾದ್ದು ಮನುಷ್ಯರ ಒಡನಾಟ, ಹಾಗಾಗಿ ಇದನ್ನು ದೂರವಿಡುವುದು ಲೇಸು ಎಂಬ ಮುನ್ನೆಚ್ಚರಿಕೆ ಅದು. 2016ರ ಅಕ್ಟೋಬರಿನಲ್ಲಿ ಅದೇ ಅಕಾಡೆಮಿ ಗೆರೆಯನ್ನು ಸರಿಸಿತು. ಹದಿನೆಂಟು ತಿಂಗಳವರೆಗೆ ವಿಡಿಯೊ ಕರೆಯೊಂದನ್ನು ಬಿಟ್ಟು ಬೇರೇನೂ ಬೇಡ. ಎರಡು ವರ್ಷದವರೆಗೆ ದೊಡ್ಡವರು ಜತೆಗೆ ಕೂತು ತೋರಿಸುವುದಾದರೆ ಸರಿ. ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಒಂದು ಗಂಟೆ, ಅದೂ ಒಳ್ಳೆಯ ಕಾರ್ಯಕ್ರಮ. 2019ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿತು. ನಮ್ಮ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ ಸಿದ್ಧಪಡಿಸಿದ ಸೂಚನೆಯಲ್ಲೂ ಇದೇ ಗಂಟೆ ಇದೆ. ಒಮ್ಮೆಗೆ 20ರಿಂದ 30 ನಿಮಿಷ ಸಾಕು ಎಂಬ ಮಾತನ್ನು ಅವರು ಸೇರಿಸಿದರು. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಎಂದರು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡೇ ಬರೆದಂತಿದೆ ಎಂದರೆ ಕೊಂಕು ಮಾತಾದೀತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರದಿಯಲ್ಲಿ, ಈ ಶಿಫಾರಸಿನ ಹಿಂದಿರುವ ಪುರಾವೆಯ ಗುಣಮಟ್ಟ ‘ತೀರಾ ಕಡಿಮೆ’ ಎಂದು ತಾನೇ ದಾಖಲಿಸಿದೆ.

ಬ್ರಿಟನ್ನಿನವರು ಬೇರೆ ದಾರಿ ಹಿಡಿದರು. ಅಲ್ಲಿನ ಮಕ್ಕಳ ತಜ್ಞರ ರಾಯಲ್ ಕಾಲೇಜು 2019ರ ಜನವರಿಯಲ್ಲಿ, ನಿಮಿಷದ ಗಡಿ ಹಾಕುವಷ್ಟು ಪುರಾವೆ ನಮ್ಮ ಬಳಿ ಇಲ್ಲ, ಹಾಕುವುದಿಲ್ಲ ಎಂದುಬಿಟ್ಟಿತು. ಅದರ ಬದಲು ಮನೆಯವರು ತಮಗೆ ತಾವೇ ಹಾಕಿಕೊಳ್ಳಬೇಕಾದ ನಾಲ್ಕು ಪ್ರಶ್ನೆ ಕೊಟ್ಟಿತು. ಪರದೆಯ ಸಮಯ ನಿಮ್ಮ ಹಿಡಿತದಲ್ಲಿದೆಯೇ? ಮನೆಯವರೆಲ್ಲ ಸೇರಿ ಮಾಡಬೇಕೆಂದಿರುವ ಕೆಲಸಕ್ಕೆ ಅದು ಅಡ್ಡ ಬರುತ್ತಿದೆಯೇ? ನಿದ್ದೆ ಕೆಡಿಸುತ್ತಿದೆಯೇ? ನೋಡುತ್ತ ನೋಡುತ್ತ ಕುರುಕು ತಿನ್ನುವುದು ಮಿತಿಯಲ್ಲಿದೆಯೇ? ನನಗೆ ಈ ನಾಲ್ಕು ಪ್ರಶ್ನೆಗಳು ಒಂದು ಗಂಟೆಯ ನಿಯಮಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತವೆ. ಆದರೆ ರಾತ್ರಿ ಎಂಟಕ್ಕೆ ಆಫೀಸಿನಿಂದ ಬಂದು ಕುಕ್ಕರ್ ಇಡುವ ಹೊತ್ತಿಗೆ ಮಗು ಮೊಬೈಲಿಗೆ ಕೈ ಚಾಚಿದಾಗ, ನಾಲ್ಕು ಪ್ರಶ್ನೆ ಹಾಕಿಕೊಳ್ಳುತ್ತ ಕೂರುವಷ್ಟು ವ್ಯವಧಾನ ಯಾರಿಗಿರುತ್ತದೆ? ಅಂಥ ಹೊತ್ತಿನಲ್ಲಿ ಒಂದು ಅಂಕಿ ಕೈಯಲ್ಲಿದ್ದರೆ ಅನುಕೂಲ. ಅಂಕಿ ಉಳಿದುಕೊಂಡಿರುವುದಕ್ಕೆ ವಿಜ್ಞಾನದಷ್ಟೇ ಈ ಅನುಕೂಲವೂ ಕಾರಣ.

ವಿಶ್ವ ಆರೋಗ್ಯ ಸಂಸ್ಥೆಯ ಕಡತದ ಹೆಸರನ್ನು ಗಮನಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅದು ಪರದೆಯ ಕುರಿತ ಕಡತವೇ ಅಲ್ಲ. ಐದು ವರ್ಷದೊಳಗಿನ ಮಕ್ಕಳ ಓಡಾಟ, ಕೂತಿರುವಿಕೆ ಮತ್ತು ನಿದ್ದೆಯ ಕಡತ. ಮೂರು-ನಾಲ್ಕು ವರ್ಷದ ಮಗುವಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ ಒಂದು ಗಂಟೆ ಏದುಸಿರು ಬರುವಷ್ಟು ಓಟ-ಕುಣಿತ ಇರಬೇಕು. ಈಗ ಲೆಕ್ಕ ಹಾಕಿ. ಇಪ್ಪತ್ನಾಲ್ಕರಲ್ಲಿ ಹನ್ನೆರಡು ನಿದ್ದೆಗೆ, ಮೂರು ಆಟಕ್ಕೆ, ತಿಂಡಿ-ಊಟ-ಸ್ನಾನಕ್ಕೆ ಇನ್ನು ಮೂರು, ಅಂಗನವಾಡಿಯೋ ನರ್ಸರಿಯೋ ಇದ್ದರೆ ಹೋಗಿಬರುವುದೂ ಸೇರಿ ನಾಲ್ಕು. ಉಳಿಯುವುದು ಎರಡು ಗಂಟೆ. ಕತೆ ಕೇಳುವುದು, ಕೆಸರಲ್ಲಿ ಕೂರುವುದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸುವುದು, ‘ಯಾಕೆ’ ಎಂದು ಪ್ರಾಣ ತಿನ್ನುವುದು ಎಲ್ಲ ಈ ಎರಡು ಗಂಟೆಯಲ್ಲೇ ಆಗಬೇಕು. ಅದರಲ್ಲಿ ಅರ್ಧ ಹೋದರೂ ಸಣ್ಣ ಮೊತ್ತವಲ್ಲ. ಹೀಗೆ ನೋಡಿದರೆ ಒಂದು ಗಂಟೆ ವಿಷದ ಪ್ರಮಾಣವೂ ಅಲ್ಲ, ಔಷಧದ ಪ್ರಮಾಣವೂ ಅಲ್ಲ. ದಿನದ ಇತರ ಅಗತ್ಯಗಳೆಲ್ಲ ಮುಗಿದ ಮೇಲೆ ಉಳಿಯುವ ಚಿಲ್ಲರೆ.

ಆದರೆ ಎರಡು ವರ್ಷದೊಳಗಿನವರ ಮಾತು ಬೇರೆ. ಅಲ್ಲಿ ಪುರಾವೆಗೆ ಸ್ವಲ್ಪ ಗಟ್ಟಿತನ ಇದೆ.

2003ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೇಳಿರದ ಒಂಬತ್ತು ತಿಂಗಳ ಶಿಶುಗಳ ಎದುರು ಚೀನಾದ ಮ್ಯಾಂಡರಿನ್ ಮಾತಾಡುವವರನ್ನು ಕೂರಿಸಿದರು. ಅವರು ನೆಲದ ಮೇಲೆ ಕೂತು ಪುಸ್ತಕ ಓದಿದರು, ಆಟಿಕೆ ಆಡಿಸಿದರು. ನಾಲ್ಕು ವಾರಗಳಲ್ಲಿ ಸುಮಾರು 25 ನಿಮಿಷದ ಹನ್ನೆರಡು ಭೇಟಿ, ಅಷ್ಟೆ. ಆಮೇಲೆ ಪರೀಕ್ಷಿಸಿದರೆ, ಮ್ಯಾಂಡರಿನ್ನಿನಲ್ಲಿ ಇದ್ದು ಇಂಗ್ಲಿಷಿನಲ್ಲಿ ಇಲ್ಲದ ಧ್ವನಿಭೇದವನ್ನು ಈ ಮಕ್ಕಳು ತೈವಾನಿನ ಮಕ್ಕಳಷ್ಟೇ ಚೆನ್ನಾಗಿ ಗುರುತಿಸಿದವು. ಇನ್ನೊಂದು ಗುಂಪಿಗೆ ಅದೇ ವ್ಯಕ್ತಿಗಳ ಅದೇ ಮಾತುಗಳನ್ನು ವಿಡಿಯೊದಲ್ಲಿ ತೋರಿಸಿದ್ದರು. ಮಕ್ಕಳು ಪರದೆಯನ್ನು ನೋಡಿದವು, ಆದರೆ ಕಲಿತದ್ದು ಏನೂ ಇಲ್ಲ. ಮ್ಯಾಂಡರಿನ್ ಕೇಳಿಯೇ ಇರದ ಮಕ್ಕಳಿಗೂ ಇವಕ್ಕೂ ವ್ಯತ್ಯಾಸ ಕಾಣಲಿಲ್ಲ.

ಜಾರ್ಜೀನ್ ಟ್ರೋಸೆತ್ ಮತ್ತು ಜೂಡಿ ಡಿಲೋಚ್ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಪಕ್ಕದ ಕೋಣೆಯಲ್ಲಿ ಒಬ್ಬರು ಗೊಂಬೆಯೊಂದನ್ನು ಬಚ್ಚಿಡುತ್ತಾರೆ. ಎರಡು ವರ್ಷದ ಮಗು ಅದನ್ನು ಕಿಟಕಿಯಿಂದ ನೋಡಿದರೆ, ಓಡಿಹೋಗಿ ಗೊಂಬೆ ಹುಡುಕಿ ತರುತ್ತದೆ, ಹೆಚ್ಚುಕಮ್ಮಿ ಪ್ರತಿ ಸಲವೂ. ಅದೇ ದೃಶ್ಯವನ್ನು ಟೀವಿಯಲ್ಲಿ ನೋಡಿದರೆ ಅರ್ಧದಷ್ಟು ಸಲವೂ ಸಿಗುವುದಿಲ್ಲ. ಕೋಣೆಯಲ್ಲಿ ಹೋಗಿ ಪಿಳಿಪಿಳಿ ನೋಡುತ್ತ ನಿಲ್ಲುತ್ತದೆ. ಆಮೇಲೆ ಸಂಶೋಧಕರು ಚಾಲಾಕಿ ಮಾಡಿದರು. ಕಿಟಕಿಯ ಹಿಂದೆ ಟೀವಿಯ ಪರದೆ ಮಾತ್ರ ಕಾಣುವಂತಿಟ್ಟು, ಮಗುವಿಗೆ ತಾನು ಕಿಟಕಿಯಿಂದಲೇ ನೋಡುತ್ತಿದ್ದೇನೆ ಅನ್ನಿಸುವಂತೆ ಮಾಡಿದರು. ಆಗ ಮಕ್ಕಳು ಗೊಂಬೆ ಹುಡುಕುವುದು ಸುಧಾರಿಸಿತು! ಅಂದರೆ ಕಣ್ಣಿಗೆ ಕಂಡಿದ್ದರಲ್ಲಿ ಕೊರತೆ ಇರಲಿಲ್ಲ. ಟೀವಿಯಲ್ಲಿ ಕಾಣುವುದು ಈ ಮನೆಗೆ, ಈ ಕೋಣೆಗೆ ಸಂಬಂಧಿಸಿದ್ದಲ್ಲ ಎಂದು ಎರಡು ವರ್ಷಕ್ಕೇ ಮಗು ತೀರ್ಮಾನಿಸಿಬಿಟ್ಟಿರುತ್ತದೆ. ಧಾರಾವಾಹಿಯ ಅತ್ತೆಯನ್ನು ಬೀದಿಯಲ್ಲಿ ಕಂಡು ಬೈಯುವ ದೊಡ್ಡವರಿಗಿಂತ ಅದು ಎಷ್ಟೋ ವಾಸಿ.

2006ರಲ್ಲಿ ಟ್ರೋಸೆತ್ ತಂಡ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಟೀವಿಯೊಳಗಿನ ವ್ಯಕ್ತಿ ಮೊದಲು ಐದು ನಿಮಿಷ ಮಗುವಿನ ಜತೆ ನೇರ ಮಾತಾಡಿದರು. ಹೆಸರು ಹಿಡಿದು ಕರೆದರು, ಮನೆಯ ನಾಯಿ-ಬೆಕ್ಕಿನ ವಿಚಾರ ಕೇಳಿದರು, ಮಗು ಹೇಳಿದ್ದಕ್ಕೆ ಉತ್ತರ ಕೊಟ್ಟರು. ಇಷ್ಟಾದ ಮೇಲೆ ಅವರು ಗೊಂಬೆ ಎಲ್ಲಿದೆಯೆಂದು ಹೇಳಿದರೆ ಮಗು ನಂಬಿತು, ಹುಡುಕಿ ತೆಗೆಯಿತು. 2014ರಲ್ಲಿ ಸಾರಾ ರೋಸ್ಬೆರಿ ಮತ್ತು ಸಂಗಡಿಗರು ಸ್ಕೈಪ್ ಕರೆಯಲ್ಲಿ ಎರಡು-ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದ ಕಲಿಸಿ ಇದನ್ನೇ ಕಂಡರು. ಕರೆಯಲ್ಲಿ ಮಾತಾಡಿಸಿದವರಿಂದ ಮಕ್ಕಳು ಕಲಿತವು. ಅದೇ ಕರೆಯ ರೆಕಾರ್ಡಿಂಗ್ ನೋಡಿದ ಮಕ್ಕಳು ಕಲಿಯಲಿಲ್ಲ. ನ್ಯೂಜೆರ್ಸಿಯಲ್ಲಿರುವ ಮೊಮ್ಮಗುವಿನ ಜತೆ ಶಿವಮೊಗ್ಗದ ಅಜ್ಜಿ ಭಾನುವಾರ ವಿಡಿಯೊ ಕರೆಯಲ್ಲಿ ಸೆರಗು ಮುಖಕ್ಕೆ ಹಿಡಿದು ಕಣ್ಣಾಮುಚ್ಚಾಲೆ ಆಡುವುದಕ್ಕೆ ಅಮೆರಿಕದ ಅಕಾಡೆಮಿ ರಿಯಾಯಿತಿ ಕೊಟ್ಟಿರುವುದು ಇದಕ್ಕೇ. ಅಜ್ಜಿ ಮಗುವಿನ ನಗುವಿಗೆ ಕಾಯುತ್ತಾಳೆ, ಕಾರ್ಟೂನು ಕಾಯುವುದಿಲ್ಲ.

ಹಾಗಾದರೆ ‘ನಮ್ಮ ಮಗು ಯೂಟ್ಯೂಬ್ ನೋಡಿಯೇ ಎ ಬಿ ಸಿ ಡಿ ಕಲಿತಿದ್ದು’ ಎನ್ನುವವರಿಗೆ ಏನು ಹೇಳುವುದು? ಡಿಲೋಚ್ ಅವರದೇ 2010ರ ಅಧ್ಯಯನವೊಂದಿದೆ. ಹನ್ನೆರಡರಿಂದ ಹದಿನೆಂಟು ತಿಂಗಳ ಮಕ್ಕಳಿಗೆ, ಪದ ಕಲಿಸುತ್ತದೆಂದು ಭರ್ಜರಿಯಾಗಿ ಮಾರಾಟವಾಗುತ್ತಿದ್ದ ಡಿವಿಡಿಯೊಂದನ್ನು ನಾಲ್ಕು ವಾರ ತೋರಿಸಿದರು. ನೋಡಿದವರು ನೋಡದವರಿಗಿಂತ ಹೆಚ್ಚು ಪದ ಕಲಿಯಲಿಲ್ಲ. ಡಿವಿಡಿ ಇಲ್ಲದೆ, ಅದೇ ಪದಗಳನ್ನು ಅಪ್ಪ-ಅಮ್ಮ ದಿನದ ಕೆಲಸದ ನಡುವೆ ಹೇಳಿಕೊಟ್ಟ ಮಕ್ಕಳು ಎಲ್ಲರಿಗಿಂತ ಹೆಚ್ಚು ಕಲಿತಿದ್ದರು. ಇನ್ನೊಂದು ತಮಾಷೆ: ಯಾವ ತಂದೆತಾಯಿಗೆ ಆ ಡಿವಿಡಿ ಇಷ್ಟವಾಗಿತ್ತೋ ಅವರೇ ತಮ್ಮ ಮಗು ಅದರಿಂದ ಬಹಳ ಕಲಿತಿದೆ ಎಂದು ನಂಬಿದ್ದರು. ಎರಡೂವರೆ-ಮೂರು ವರ್ಷ ದಾಟಿದ ಮೇಲೆ ಮಕ್ಕಳು ಪರದೆಯಿಂದ ಕಲಿಯತೊಡಗುತ್ತಾರೆ, ಅದರಲ್ಲಿ ಅನುಮಾನವಿಲ್ಲ.

ಯಾರೂ ನೋಡದೆಯೇ ಓಡುತ್ತಿರುವ ಟೀವಿಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಲಿನಲ್ಲಿ ಧಾರಾವಾಹಿ, ನೆಲದ ಮೇಲೆ ಮಗುವಿನ ಆಟ. ಮಗು ಆ ಕಡೆ ತಿರುಗಿಯೂ ನೋಡುತ್ತಿಲ್ಲವಲ್ಲ ಎಂದು ಸಮಾಧಾನ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳನ್ನು ಆಟಿಕೆಗಳ ನಡುವೆ ಬಿಟ್ಟು, ಅರ್ಧ ಗಂಟೆ ದೊಡ್ಡವರ ಕ್ವಿಜ್ ಕಾರ್ಯಕ್ರಮ ಹಾಕಿ, ಅರ್ಧ ಗಂಟೆ ಆರಿಸಿ ನೋಡಿದರು. ಮಕ್ಕಳು ಟೀವಿಯತ್ತ ಕಣ್ಣು ಹಾಯಿಸಿದ್ದು ಕ್ಷಣ ಕ್ಷಣ ಮಾತ್ರ. ಆದರೂ ಟೀವಿ ಓಡುತ್ತಿದ್ದಾಗ ಒಂದೊಂದು ಆಟವೂ ಬೇಗ ಬೇಗ ಮುರಿದು ಬೀಳುತ್ತಿತ್ತು. 2008ರಲ್ಲಿ ಪ್ರಕಟವಾದ ಅಧ್ಯಯನ ಇದು. ಮರುವರ್ಷ ಡಿಮಿಟ್ರಿ ಕ್ರಿಸ್ಟಾಕಿಸ್ ತಂಡ ಮಕ್ಕಳ ಅಂಗಿಗೆ ಪುಟ್ಟ ರೆಕಾರ್ಡರ್ ಸಿಕ್ಕಿಸಿ ಮನೆಯ ಮಾತು ಎಣಿಸಿತು. ಟೀವಿಯ ಸದ್ದು ಕೇಳುವ ಪ್ರತಿ ಗಂಟೆಗೂ ಮಗುವಿನ ಕಿವಿಗೆ ಬೀಳುವ ದೊಡ್ಡವರ ಪದಗಳಲ್ಲಿ ಸುಮಾರು 770 ಕಡಿಮೆಯಾಗಿದ್ದವು. ಮಗುವಿನ ಕಂಪ್ಯೂಟರಿಗೆ ಗಡಿ ಹಾಕುವ ಮುಂಚೆ ಹಾಲಿನ ಟೀವಿ ಆರಿಸುವುದು ಸುಲಭವೂ ಹೌದು, ಖರ್ಚಿಲ್ಲದ್ದೂ ಹೌದು. ಆದರೆ ಅದರಿಂದ ನಷ್ಟವಾಗುವುದು ದೊಡ್ಡವರಿಗೆ.

ಈಗ ನಿದ್ದೆ. ಕೊಲರಾಡೊ ವಿಶ್ವವಿದ್ಯಾಲಯದ ಮೋನಿಕ್ ಲೆಬೂರ್ಜ್ವಾ ಅವರ ತಂಡ ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆಯುವ ಬದಲು ಅವರ ಮನೆಗಳನ್ನೇ ಗುಹೆ ಮಾಡಿತು. ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿ, ಮಂದ ದೀಪ ಹಾಕಿ, ಮೂರರಿಂದ ಐದು ವರ್ಷದ ಹತ್ತು ಮಕ್ಕಳ ಎಂಜಲಿನಲ್ಲಿ ಮೆಲಟೊನಿನ್ ಎಷ್ಟಿದೆಯೆಂದು ಅಳೆಯಿತು. ಕತ್ತಲಾಗುತ್ತಿದ್ದಂತೆ ಮಿದುಳಿನ ಪಿನಿಯಲ್ ಗ್ರಂಥಿ ಬಿಡುಗಡೆ ಮಾಡುವ, ಇನ್ನು ಮಲಗುವ ಹೊತ್ತೆಂದು ಮೈಗೆ ತಿಳಿಸುವ ಹಾರ್ಮೋನು ಅದು. ಕೊನೆಯ ದಿನ ಮಲಗುವ ಮುಂಚಿನ ಒಂದು ಗಂಟೆ ಮಕ್ಕಳನ್ನು ಕೆಳಗಿನಿಂದ ಬೆಳಗುವ ಮೇಜಿನ ಮೇಲೆ ಆಡಿಸಿದರು. ಮೆಲಟೊನಿನ್ ಸುಮಾರು 88 ಪ್ರತಿಶತ ಕುಸಿಯಿತು. ದೀಪ ಆರಿಸಿ ಐವತ್ತು ನಿಮಿಷವಾದರೂ ಹೆಚ್ಚಿನ ಮಕ್ಕಳಲ್ಲಿ ಅದು ಚೇತರಿಸಿಕೊಂಡಿರಲಿಲ್ಲ. ಆ ಮೇಜಿನ ಬೆಳಕು ಸುಮಾರು 1,000 ಲಕ್ಸ್, ಟ್ಯಾಬ್ ಪರದೆಯ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಇದನ್ನು ಮೊಬೈಲಿಗೆ ನೇರವಾಗಿ ಅಂಟಿಸುವಂತಿಲ್ಲ. ಆದರೆ ಅದೇ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5ರಿಂದ 40 ಲಕ್ಸ್‌ನ ಮಂದ ಬೆಳಕಿಗೂ ಪುಟ್ಟ ಮಕ್ಕಳ ಮೆಲಟೊನಿನ್ ಗಣನೀಯವಾಗಿ ಇಳಿಯಿತು. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ಒಳಗೆ ಹೋಗುವ ಬೆಳಕು ದೊಡ್ಡವರಿಗಿಂತ ಹೆಚ್ಚು. ಹೀಗಾಗಿ ಸಂಜೆ ಐದರ ಅರ್ಧ ಗಂಟೆಯೂ ರಾತ್ರಿ ಒಂಬತ್ತರ ಅರ್ಧ ಗಂಟೆಯೂ ಒಂದೇ ಅಲ್ಲ. ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದಕ್ಕೆ ಗಡಿ ಹಾಕಿದರೆ ಲಾಭ ಹೆಚ್ಚು. ಮಲಗುವ ಒಂದು ಗಂಟೆ ಮುಂಚೆ ಎಲ್ಲ ಬಂದ್.

ಕಣ್ಣಿನ ವಿಷಯದಲ್ಲೂ ನಿಮಿಷಗಳ ಲೆಕ್ಕ ಸ್ವಲ್ಪ ದಾರಿ ತಪ್ಪಿಸುತ್ತದೆ. ದೂರದ್ದು ಕಾಣದ ಮಯೋಪಿಯಾ ಮಕ್ಕಳಲ್ಲಿ ಹೆಚ್ಚುತ್ತಿರುವುದಕ್ಕೆ ನಾವು ಮೊಬೈಲನ್ನು ಶಪಿಸುತ್ತೇವೆ. ಆದರೆ ತಡೆಯುವ ಉಪಾಯಗಳಲ್ಲಿ ಬಲವಾದ ಪುರಾವೆ ಇರುವುದು ಬಯಲಿನ ಬೆಳಕಿಗೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು. ಮೂರು ವರ್ಷದ ಕೊನೆಗೆ ಆ ಶಾಲೆಗಳಲ್ಲಿ 30.4 ಪ್ರತಿಶತ ಮಕ್ಕಳಿಗೆ ಮಯೋಪಿಯಾ ಬಂದಿತ್ತು. ಎಂದಿನಂತೆ ನಡೆದ ಶಾಲೆಗಳಲ್ಲಿ 39.5 ಪ್ರತಿಶತ. 2015ರಲ್ಲಿ ಈ ಫಲಿತಾಂಶ ಬಂತು.

ಇಷ್ಟೆಲ್ಲ ತಿಳಿದ ಮೇಲೂ ಮನೆಯಲ್ಲಿ ನಡೆಯುವ ಯುದ್ಧಕ್ಕೆ ಇದರಿಂದ ಮದ್ದು ಸಿಗುವುದಿಲ್ಲ. ಮಗುವಿನ ಕೈಗೆ ಕೊಡುವುದು ಕಷ್ಟವೇ ಅಲ್ಲ, ತೆಗೆದುಕೊಳ್ಳುವುದು ಕಷ್ಟ. ನಲವತ್ತು ನಿಮಿಷವೋ ಅರವತ್ತೋ, ಮುಗಿಯುವ ಗಳಿಗೆಯಲ್ಲಿ ರಚ್ಚೆ ಹಿಡಿದು ನೆಲದಲ್ಲಿ ಹೊರಳುವ ಮಗುವನ್ನು ಏನು ಮಾಡುವುದು? ಗಡಿಯ ಬಗ್ಗೆ ಬರೆದವರು ಸಾವಿರ, ಆ ಗಳಿಗೆಯನ್ನು ಹತ್ತಿರದಿಂದ ನೋಡಿದವರು ತೀರ ಕಡಿಮೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲೆಕ್ಸಿಸ್ ಹಿನಿಕರ್ ಅಂಥವರಲ್ಲಿ ಒಬ್ಬರು. ಒಂದರಿಂದ ಐದು ವರ್ಷದ ಮಕ್ಕಳಿರುವ ಮನೆಗಳ ತಂದೆತಾಯಂದಿರನ್ನು ಅವರ ತಂಡ ಮಾತಾಡಿಸಿತು. ಬೇರೆ ಕೆಲವು ಮನೆಗಳಿಂದ ದಿನಚರಿ ಬರೆಸಿತು: ಪರದೆ ಯಾಕೆ ಕೊಟ್ಟಿರಿ, ಯಾಕೆ ನಿಲ್ಲಿಸಿದಿರಿ, ನಿಲ್ಲಿಸಿದಾಗ ಮಗು ಏನು ಮಾಡಿತು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಹುತೇಕ ಸಲ ಮಕ್ಕಳು ತಗಾದೆಯಿಲ್ಲದೆ ಎದ್ದಿದ್ದರು. ಗಲಾಟೆಯಾದ ಸಲಗಳಲ್ಲಿ ಅನಿರೀಕ್ಷಿತವಾದದ್ದೊಂದು ಹೊರಬಿತ್ತು. ‘ಇನ್ನು ಎರಡು ನಿಮಿಷ ಅಷ್ಟೇ’ ಎಂದು ಮುಂಚಿತವಾಗಿ ಎಚ್ಚರಿಸಿದಾಗ ಮಗು ಸಲೀಸಾಗಿ ಏಳಲಿಲ್ಲ. ಬದಲಿಗೆ ಪ್ರತಿಭಟನೆ ಹೆಚ್ಚಾಗಿತ್ತು.

ಶಿಶುಪಾಲನೆಯ ಪುಸ್ತಕಗಳೆಲ್ಲ ಕೊಡುವ ಸಲಹೆಯೇ ಹೀಗೆ ಕೈಕೊಟ್ಟಿತು. ಯೋಚಿಸಿದರೆ ಆಶ್ಚರ್ಯವಿಲ್ಲ. ನಾಲ್ಕು ವರ್ಷದ ಮಗುವಿಗೆ ಎರಡು ನಿಮಿಷ ಎಂದರೇನು? ಅದಕ್ಕೆ ಗಡಿಯಾರ ನೋಡಲು ಬರುವುದಿಲ್ಲ. ನಾವೂ ಪ್ರಾಮಾಣಿಕರಲ್ಲ, ಫೋನು ಬಂದರೆ ನಮ್ಮ ಎರಡು ನಿಮಿಷ ಹನ್ನೆರಡಾಗುತ್ತದೆ, ಆಟೊ ಬಂದು ನಿಂತರೆ ಅರ್ಧವಾಗುತ್ತದೆ. ಮಗುವಿನ ಪಾಲಿಗೆ ‘ಎರಡು ನಿಮಿಷ’ ಒಂದು ಅಳತೆಯಲ್ಲ, ಅಮ್ಮ ಜಗಳಕ್ಕೆ ಬಂದಳು ಎಂಬ ಸೂಚನೆ. ಅದೂ ತಯಾರಾಗುತ್ತದೆ.

ಅದೇ ಅಧ್ಯಯನದಲ್ಲಿ, ಮುಗಿಸುವ ಕೆಲಸವನ್ನು ಯಂತ್ರವೇ ಮಾಡಿದಾಗ ಮಕ್ಕಳು ಹೆಚ್ಚು ಸುಲಭವಾಗಿ ಒಪ್ಪಿದ್ದರು. ಬ್ಯಾಟರಿ ಮುಗಿಯಿತು, ವೈಫೈ ಹೋಯಿತು, ಕಂತು ಮುಗಿಯಿತು. ನಮ್ಮ ಕಡೆ ಇದನ್ನು ಸಾಬೀತು ಮಾಡಲು ಸಂಶೋಧನೆ ಬೇಕಿಲ್ಲ, ಬೆಸ್ಕಾಂ, ಮೆಸ್ಕಾಂಗಳ ಕೃಪೆ ಇದೆ. ಕಾರ್ಟೂನಿನ ನಡುವೆ ಕರೆಂಟು ಹೋದರೆ ಮಗು ಒಮ್ಮೆ ‘ಅಯ್ಯೋ’ ಎನ್ನುತ್ತದೆ, ಆಮೇಲೆ ಎದ್ದು ಅಂಗಳಕ್ಕೆ ಹೋಗುತ್ತದೆ. ಕರೆಂಟಿನ ಜತೆ ಜಗಳ ಆಡಿ ಪ್ರಯೋಜನವಿಲ್ಲವೆಂದು ಅದಕ್ಕೆ ಗೊತ್ತು. ಅಪ್ಪನ ಜತೆ ಆಡಿದರೆ ಹತ್ತರಲ್ಲಿ ಮೂರು ಸಲವಾದರೂ ಗೆಲ್ಲಬಹುದೆಂದೂ ಗೊತ್ತು. ಆಗೊಮ್ಮೆ ಈಗೊಮ್ಮೆ ಸಿಗುವ ಗೆಲುವು ಹಠವನ್ನು ಎಷ್ಟು ಚೆನ್ನಾಗಿ ಬೆಳೆಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪಾರಿವಾಳಗಳಲ್ಲೇ ತೋರಿಸಿದ್ದಾರೆ.

ಆದರೆ ಯಂತ್ರ ತಯಾರಿಸುವವರಿಗೆ ಯಂತ್ರ ನಿಲ್ಲುವುದು ಇಷ್ಟವಿಲ್ಲ. ಒಂದು ವಿಡಿಯೊ ಮುಗಿಯುತ್ತಿದ್ದಂತೆಯೇ ಇನ್ನೊಂದು ಶುರುವಾಗುವ ಆಟೊಪ್ಲೇ ವ್ಯವಸ್ಥೆ ಇರುವುದೇ ‘ಮುಗಿಯಿತು’ ಎಂಬ ಗಳಿಗೆಯನ್ನು ಅಳಿಸಿಹಾಕಲು. ಹಿನಿಕರ್ ತಂಡ 2018ರಲ್ಲಿ ಪುಟ್ಟ ಮಕ್ಕಳಿಗೆಂದೇ ಒಂದು ವಿಡಿಯೊ ಆ್ಯಪ್ ಕಟ್ಟಿ, ಆಟೊಪ್ಲೇ ಇದ್ದಾಗ ಮತ್ತು ಇಲ್ಲದಾಗ ಏನಾಗುತ್ತದೆಂದು ನೋಡಿತು. ಆಟೊಪ್ಲೇ ಇದ್ದಾಗ ನೋಡುವ ಹೊತ್ತು ಲಂಬಿಸಿತು, ಮಗು ತಾನಾಗಿ ನಿಲ್ಲಿಸುವ ಸಾಧ್ಯತೆ ತಗ್ಗಿತು. ಯೂಟ್ಯೂಬ್ ಕಿಡ್ಸ್‌ನಲ್ಲಿ ಆಟೊಪ್ಲೇ ತಾನಾಗಿ ಆಫ್ ಇರುವಂತಾದದ್ದು 2021ರಲ್ಲಿ. ಆ ಆ್ಯಪ್ ಬಂದು ಆಗಲೇ ಆರು ವರ್ಷವಾಗಿತ್ತು. ದೊಡ್ಡವರ ಯೂಟ್ಯೂಬನ್ನೇ ಮಗುವಿನ ಕೈಗೆ ಕೊಡುವ ಮನೆಗಳಲ್ಲಿ ಆ ಗುಂಡಿಯನ್ನು ನಾವೇ ಹುಡುಕಿ ಒತ್ತಬೇಕು. ಗಡಿ ಹಾಕುವ ಕೆಲಸದಲ್ಲಿ ಮೊದಲು ಮಾಡಬೇಕಾದ್ದು ಬಹುಶಃ ಇದೇ, ಮಗುವಿಗೆ ಒಂದೂ ಮಾತು ಹೇಳುವ ಮುಂಚೆ.

ಇದರಿಂದ ಮನೆಯ ನಿಯಮ ಹೇಗಿರಬೇಕೆಂದು ಹೊಳೆಯುತ್ತದೆ. ಗಡಿಯನ್ನು ನಿಮಿಷದಲ್ಲಿ ಅಲ್ಲ, ಮಗು ಎಣಿಸಬಲ್ಲ ವಸ್ತುವಿನಲ್ಲಿ ಇಡಬೇಕು. ‘ಎರಡು ಕತೆ’ ಎಂದರೆ ಮೂರು ವರ್ಷದವರಿಗೂ ಅರ್ಥವಾಗುತ್ತದೆ. ಹನ್ನೆರಡು ನಿಮಿಷದ ಎರಡು ಕಂತುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು ಇಂಟರ್ನೆಟ್ ಬಂದ್ ಮಾಡಿಕೊಟ್ಟರೆ ಮೂರನೆಯದು ಇರುವುದೇ ಇಲ್ಲ, ವಾದಕ್ಕೆ ಜಾಗವೂ ಇಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಮಗುವಿಗೆ ‘ಈ ಚಿತ್ರ ಮುಗಿಸು’ ಎನ್ನುವುದು ‘ಹತ್ತು ನಿಮಿಷ’ಕ್ಕಿಂತ ಮೇಲು. ಚಿತ್ರ ಮುಗಿಯುತ್ತದೆ. ತುದಿಯೇ ಇಲ್ಲದ ಆಟಗಳನ್ನು, ಅಂದರೆ ಹಂತದ ಮೇಲೆ ಹಂತ, ಬಹುಮಾನದ ಮೇಲೆ ಬಹುಮಾನ ಕೊಡುವಂಥವನ್ನು, ಈ ವಯಸ್ಸಿಗೆ ಹಾಕಿಕೊಡದಿರುವುದೇ ವಾಸಿ, ಎಷ್ಟೇ ‘ಎಜುಕೇಶನಲ್’ ಎಂಬ ಚೀಟಿ ಅಂಟಿಸಿದ್ದರೂ. ನಿಲ್ಲಿಸಿದ ಮೇಲೆ ಏನು ಎಂಬುದೂ ಮೊದಲೇ ಗೊತ್ತಿರಬೇಕು. ಕಂತು ಮುಗಿದ ಕೂಡಲೇ ಸ್ನಾನ, ಸ್ನಾನದ ನಂತರ ಊಟ ಎಂದು ದಿನವೂ ಅದೇ ಸಾಲು ಇದ್ದರೆ ತಗಾದೆ ತಾನಾಗಿ ಕರಗುತ್ತದೆ. ಹಿನಿಕರ್ ಅಧ್ಯಯನದ ಮನೆಗಳಲ್ಲೂ ರೂಢಿಯಾಗಿ ನಡೆದುಬಂದ ಕೊನೆಗಳು ಸಲೀಸಾಗಿದ್ದವು.

ಊಟದ ಮಾತು ಬಂತು. ನಮ್ಮಲ್ಲಿ ಪರದೆ ಮೊದಲು ಮಗುವಿನ ಎದುರು ಬರುವುದೇ ತಟ್ಟೆಯ ಪಕ್ಕದಲ್ಲಿ. ವಿಡಿಯೊ ಹಾಕಿದರೆ ಬಾಯಿ ತಾನಾಗಿ ತೆರೆಯುತ್ತದೆ, ಅರ್ಧ ಗಂಟೆಯ ಊಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ತಾಯಂದಿರನ್ನು ಇದಕ್ಕಾಗಿ ಬೈಯುವ ಲೇಖನಗಳನ್ನು ಬರೆಯುವವರು ಬಹುಪಾಲು ಮಗುವಿಗೆ ತುತ್ತು ತಿನ್ನಿಸಿದವರಲ್ಲ. ಆದರೂ ತೊಂದರೆ ಇರುವುದು ನಿಜ. ಹೊಟ್ಟೆ ತುಂಬಿತೆಂಬ ಸಂದೇಶವನ್ನು ಗಮನಿಸದೆಯೇ ಮಗು ನುಂಗುತ್ತದೆ, ಮತ್ತು ಪರದೆಯಿಲ್ಲದೆ ತಿನ್ನುವುದನ್ನು ಮರೆಯುತ್ತದೆ. ಅಳು ನಿಲ್ಲಿಸಲು ಮೊಬೈಲು ಕೊಡುವುದೂ ಇದೇ ಜಾತಿಯದು. ಮಿಷಿಗನ್ ವಿಶ್ವವಿದ್ಯಾಲಯದ ಜೆನ್ನಿ ರಾಡೆಸ್ಕಿ ತಂಡ ಮೂರರಿಂದ ಐದು ವರ್ಷದ ಮಕ್ಕಳನ್ನು ಹಲವು ತಿಂಗಳು ಹಿಂಬಾಲಿಸಿದಾಗ, ಸಮಾಧಾನಕ್ಕೆಂದು ಪದೇಪದೇ ಮೊಬೈಲು ಸಿಕ್ಕ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಸಿಟ್ಟು-ಅಳು ಮುಂದೆ ಹೆಚ್ಚಿತ್ತು. ಅಳುವ ಮಗುವಿಗೆ ಮೊಬೈಲು ಕೊಟ್ಟದ್ದರಿಂದ ಹೀಗಾಯಿತೋ, ಹೆಚ್ಚು ಅಳುವ ಮಗುವಾದ್ದರಿಂದ ಮೊಬೈಲು ಸಿಕ್ಕಿತೋ? ಎರಡೂ ಇರಬಹುದು, ಒಂದನ್ನೊಂದು ಬೆಳೆಸುತ್ತಲೂ ಇರಬಹುದು.

ಎಷ್ಟು ಹೊತ್ತು ಎಂಬ ನಮ್ಮ ಅಂದಾಜಂತೂ ನಂಬಲರ್ಹವಲ್ಲ. ಅದೇ ರಾಡೆಸ್ಕಿ 2020ರಲ್ಲಿ ಮಕ್ಕಳು ಬಳಸುವ ಫೋನು-ಟ್ಯಾಬುಗಳಿಂದಲೇ ನಿಜವಾದ ಬಳಕೆಯ ಲೆಕ್ಕ ತೆಗೆದು ತಂದೆತಾಯಿಯರ ಉತ್ತರದ ಜತೆ ಹೋಲಿಸಿದರು. ಸರಿಸುಮಾರು ಸರಿ ಹೇಳಿದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮೂರನೇ ಒಂದಕ್ಕಿಂತ ಹೆಚ್ಚು ಜನ ಕಡಿಮೆ ಹೇಳಿದ್ದರು. ಉಳಿದ ಮೂರನೇ ಒಂದರಷ್ಟು ಜನ ಹೆಚ್ಚು ಹೇಳಿದ್ದರು, ಪಾಪಪ್ರಜ್ಞೆಯಿಂದಲೋ ಏನೋ. ತಂದೆತಾಯಿಯರನ್ನು ಕೇಳಿ ನಡೆಸಿದ ಹಳೆಯ ಅಧ್ಯಯನಗಳನ್ನೆಲ್ಲ ಇದು ಅಲುಗಾಡಿಸುತ್ತದೆ. ಆ ಒಂದು ಗಂಟೆಯ ಕೆಳಗಿನ ನೆಲವೂ ಸ್ವಲ್ಪ ಅಲುಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಳಕೆಯ ಲೆಕ್ಕ ಇರುತ್ತದೆ. ವಾರಕ್ಕೊಮ್ಮೆ ಅದನ್ನು ತೆರೆದು ನೋಡಿದರೆ ಸಾಕು. ತೆರೆದಾಗ ಮಗುವಿನದಷ್ಟೇ ಅಲ್ಲ, ನಮ್ಮದೂ ಕಾಣುತ್ತದೆ. ಇದೇ ಸಂಶೋಧಕಿ 2014ರಲ್ಲಿ ಬಾಸ್ಟನ್ನಿನ ಹೋಟೆಲುಗಳಲ್ಲಿ ಮಕ್ಕಳೊಂದಿಗೆ ಬಂದ 55 ದೊಡ್ಡವರನ್ನು ದೂರದಿಂದ ಗಮನಿಸಿದ್ದರು. ಊಟದ ನಡುವೆ ಮೊಬೈಲು ಹಿಡಿದವರು 40 ಮಂದಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ, ತಂತ್ರಜ್ಞಾನದ ಬಳಕೆ ಕೈಮೀರಿದವರಿಗಾಗಿ. ಮೂರು-ನಾಲ್ಕು ವರ್ಷದ ಮಗು ಹಠ ಮಾಡಿತೆಂದ ಮಾತ್ರಕ್ಕೆ ಅದು ಚಟವಲ್ಲ, ‘ಡಿಜಿಟಲ್ ಮಾದಕವಸ್ತು’ ಎಂಬ ವಾಟ್ಸ್ಆಪ್ ಸಂದೇಶಗಳು ಏನೇ ಹೇಳಲಿ. ಆದರೆ ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಮೊಬೈಲು ದೂರವಿಟ್ಟು ಸರಿಹೋಗುತ್ತದೆಯೇ ಎಂದು ತಿಂಗಳುಗಟ್ಟಲೆ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಕಾರಣ ಬೇರೆಯೇ ಇರಬಹುದು, ಕಿವಿಯದ್ದೂ ಇರಬಹುದು.

ಜ್ವರ ಬಂದ ಮೂರು ದಿನ, ರಾತ್ರಿ ಬಸ್ಸಿನ ಪ್ರಯಾಣ, ಮನೆಯಲ್ಲಿ ಯಾರಿಗೋ ಆಪರೇಶನ್ ಆದ ವಾರ, ಇಂಥ ಹೊತ್ತಿನಲ್ಲಿ ಗಡಿ ಮುರಿದರೆ ಏನೂ ಕೊಚ್ಚಿಹೋಗುವುದಿಲ್ಲ. ಮೇಲೆ ಹೇಳಿದ ಅಧ್ಯಯನಗಳಲ್ಲಿ ವರ್ಷಗಳ ಮೇಲೆ ಮಕ್ಕಳನ್ನು ಹಿಂಬಾಲಿಸಿದವು ಬೆರಳೆಣಿಕೆ. ಒಂದು ವಾರದ ಹೆಚ್ಚುಕಮ್ಮಿಯಿಂದ ಕೇಡಾಗುತ್ತದೆಂದು ಅವೂ ಹೇಳುವುದಿಲ್ಲ. ಬೇಸಿಗೆ ರಜೆಗೆ ಅಜ್ಜನ ಮನೆಗೆ ಹೋದಾಗ ಅಲ್ಲಿನ ಟೀವಿ ಬೆಳಗಿನಿಂದ ರಾತ್ರಿವರೆಗೆ ಓಡುತ್ತಿರುವುದೂ ಸಹಜ, ಅದಕ್ಕಾಗಿ ಮಾವನ ಜತೆ ಮನಸ್ತಾಪ ಮಾಡಿಕೊಳ್ಳುವುದು ಬೇಡ. ಅಲ್ಲಿ ಅಂಗಳವಿದೆ, ಕರು ಇದೆ, ಮಗುವಿಗೆ ಕೆಲಸ ಬೇಕಾದಷ್ಟಿದೆ. ಊರಿಂದ ವಾಪಸಾದ ಮೊದಲ ಎರಡು ದಿನ ‘ಎರಡು ಕತೆ’ಯ ನಿಯಮಕ್ಕೆ ಮಗು ಮತ್ತೆ ತಗಾದೆ ತೆಗೆಯುತ್ತದೆ. ಮೂರನೆಯ ಕತೆ ಡೌನ್‌ಲೋಡ್ ಆಗಿರದಿದ್ದರೆ ಮೂರನೆಯ ದಿನಕ್ಕೆ ಬಿಡುತ್ತದೆ.